ಇಥಿಯೋಪಿಯಾ ಮೇಷ್ಟ್ರು

ಮೇಷ್ಟ್ರು ತೀರಿಕೊಂಡ ಸುದ್ದಿ ನಮ್ಮ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಬಂದಾಗ ಯಾರೂ ಭೂಗೋಳದ ಪಾಠ ನೆನೆಯಲಿಲ್ಲ. ಎಲ್ಲರೂ ಬರೆದಿದ್ದು ಕಪ್ಪು ಹಲಗೆಯ ಆ ತಾರೀಖಿನ ಬಗ್ಗೆ.

ಸಕಲೇಶಪುರದ ಕಡೆಯ ನಮ್ಮ ಶಾಲೆಗೆ ಬರುವ ಮೊದಲು ಅವರು ಇಥಿಯೋಪಿಯಾದ ವೊಲ್ಲೊ ಪ್ರಾಂತ್ಯದ ಹಳ್ಳಿಯೊಂದರಲ್ಲಿ ಪಾಠ ಮಾಡುತ್ತಿದ್ದರು. ಚಕ್ರವರ್ತಿ ಹೈಲೆ ಸೆಲಾಸಿಯ ಕಾಲದಲ್ಲಿ ಭಾರತದಿಂದ ಎಷ್ಟೋ ಮೇಷ್ಟ್ರುಗಳು ಅಲ್ಲಿಗೆ ಹೋಗಿದ್ದರು. 1974ರಲ್ಲಿ ಸೈನ್ಯ ಚಕ್ರವರ್ತಿಯನ್ನು ಇಳಿಸಿತು. ದೊಡ್ಡ ತರಗತಿಯ ಹುಡುಗರನ್ನೆಲ್ಲ ಅಕ್ಷರ ಕಲಿಸಲು ಹಳ್ಳಿಗಳಿಗೆ ಅಟ್ಟಿತು. ತರಗತಿ ಖಾಲಿ, ಮೇಷ್ಟ್ರು ಊರಿಗೆ ವಾಪಸ್.

ಕಾಫಿ ತೋಟದ ಮಕ್ಕಳು ನಾವು. ಕಾಫಿ ಹುಟ್ಟಿದ್ದು ಅಲ್ಲಿ ಅಂತ ಹೇಳಿ ನಮ್ಮ ಜಂಬ ಇಳಿಸಿದರು. ಅಲ್ಲಿ ಯಾರ ಮನೆಗಾದರೂ ಹೋದರೆ ಎದುರಿಗೇ ಹಸಿ ಬೀಜ ಹುರಿದು, ಹೊಗೆಯನ್ನು ಮೂಗಿನ ಹತ್ತಿರ ತಂದು, ಕುಟ್ಟಿ, ಮಣ್ಣಿನ ಹೂಜಿಯಲ್ಲಿ ಕುದಿಸಿ ಮೂರು ಸುತ್ತು ಕೊಡುತ್ತಾರಂತೆ. ಮೊದಲ ಸುತ್ತಿಗೇ ಎದ್ದರೆ ಮನೆಯವರಿಗೆ ಬೇಜಾರು. ನಮ್ಮ ಬೆಳಗಿನ ಏಳು ಗಂಟೆ ಅಲ್ಲಿ ಒಂದು ಗಂಟೆ. ವರ್ಷಕ್ಕೆ ಹದಿಮೂರು ತಿಂಗಳು, ಕೊನೆಯದು ಐದಾರು ದಿನದ್ದು. ‘ಅದಕ್ಕೆ ಸಂಬಳ ಇಲ್ಲ ಕಣ್ರೋ’ ಅಂತ ನಗುತ್ತಿದ್ದರು. ಇಸವಿಯೂ ನಮಗಿಂತ ಏಳೆಂಟು ವರ್ಷ ಹಿಂದೆ.

ಒಂಬತ್ತನೇ ತರಗತಿಯವರಿಗೆ ಇಷ್ಟು ಸಾಕಲ್ವಾ? 1983ರ ಜುಲೈ 18, ಇನ್‌ಸ್ಪೆಕ್ಟರ್ ಬರುವ ದಿನ. ತರಗತಿಯಲ್ಲಿ ಅಕ್ಷರ ದುಂಡಗಿದ್ದದ್ದು ನನ್ನದೇ. ಹಲಗೆಯ ಮೇಲೆ ‘ಹಮ್ಲೆ 11, 1975’ ಅಂತ ಬರೆದಿಟ್ಟೆ. ಇನ್‌ಸ್ಪೆಕ್ಟರ್ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಹೆಡ್‌ಮೇಷ್ಟ್ರ ಮುಖ ಕೆಂಪಾಯಿತು. ನಮ್ಮ ಮೇಷ್ಟ್ರು ಬೆರಳು ಮಡಿಸಿ ಎಣಿಸಿ, ‘ಲೆಕ್ಕ ಸರಿಯಾಗಿದೆ ಸಾರ್’ ಅಂದರು. ಆಮೇಲೆ ನನ್ನ ಕಿವಿ ಹಿಂಡಿದ್ದು ಬೇರೆ ಮಾತು.

ಮರುವರ್ಷದ ಕೊನೆಗೆ ವೊಲ್ಲೊದ ಬರದ ಚಿತ್ರಗಳು ಪೇಪರಿನಲ್ಲಿ ಬಂದವು. ತರಗತಿಯ ಸಣಕಲನಿಗೆ ಯಾರೋ ‘ಇಥಿಯೋಪಿಯಾ’ ಅಂತ ಹೆಸರಿಟ್ಟರು. ಅದು ಮೇಷ್ಟ್ರ ಕಿವಿಗೆ ಬಿತ್ತು. ಬೆತ್ತ ತೆಗೆಯಲಿಲ್ಲ, ಹಾಜರಿ ಪುಸ್ತಕ ತೆಗೆದರು. ಕೂಗಿದ್ದು ಮಾತ್ರ ನಮ್ಮ ಹೆಸರಲ್ಲ. ‘ಅಬೆಬೆ. ಅಲ್ಮಾಜ್. ತೆಸ್ಫಾಯೆ. ಮುಲುಗೆಟಾ.’ ಇವನು ಲೆಕ್ಕದಲ್ಲಿ ಜಾಣ. ಇವಳು ಎರಡು ಗುಡ್ಡ ದಾಟಿ ಬರುತ್ತಿದ್ದಳು. ಇವನು ನಿಮ್ಮ ಹಾಗೇ ಪೋಲಿ. ಹಿಂದಿನ ಬೆಂಚಿನವನೊಬ್ಬ ಅಭ್ಯಾಸಬಲದಿಂದ ‘ಹಾಜರ್ ಸಾರ್’ ಅಂದುಬಿಟ್ಟ. ಮೇಷ್ಟ್ರು ಅದನ್ನೂ ಗುರುತು ಹಾಕಿಕೊಂಡು ಮುಂದಿನ ಹೆಸರು ಕೂಗಿದರು. 1973ರಲ್ಲೂ ಅಲ್ಲಿ ಬರ ಬಿದ್ದಿತ್ತು, ಸರ್ಕಾರ ಮುಚ್ಚಿಟ್ಟಿತ್ತು ಅಂತಲೂ ಅವತ್ತೇ ಹೇಳಿದ್ದು. ಸಣಕಲನ ಅಡ್ಡಹೆಸರು ಮತ್ತೆ ಕೇಳಿಸಲಿಲ್ಲ.

ಅಣ್ಣನ ಮೊಮ್ಮಗಳು ಬೆಂಗಳೂರಿನಲ್ಲಿ ಓದುವ ಶಾಲೆಗೆ ಈಗ ಕೆನ್ಯಾದ ಹಳ್ಳಿ ಶಾಲೆಯೊಂದು ಜೋಡಿ. ಇಲ್ಲಿನ ಟೀಚರ್‌ಗಳು ಹೋಗಿಬಂದರು. ಫೋಟೊ, ಸರ್ಟಿಫಿಕೇಟ್, ವಿಡಿಯೊ ಕಾಲ್, ಎಲ್ಲ ಆಯಿತು. ‘ಅಲ್ಲಿನ ಒಂದು ಮಗುವಿನ ಹೆಸರು ಹೇಳಮ್ಮ’ ಅಂದೆ. ‘ಗೊತ್ತಿಲ್ಲ ತಾತ, ನೆಟ್‌ವರ್ಕ್ ಹೋಗ್ತಿತ್ತು.’ ಫೀಸು ಕೇಳಿದರೆ ತಲೆ ತಿರುಗುತ್ತದೆ.

ನಮ್ಮ ಕಾಗುಣಿತದಂಥ ಸಾಲುಗಳು ಅಲ್ಲಿನ ಲಿಪಿಯಲ್ಲೂ ಇವೆ. ಬೆ, ಬು, ಬಿ, ಬಾ, ಬೇ, ಬ್, ಬೊ. ಈ ಸಾಲನ್ನೂ ‘ನ’ ಸಾಲನ್ನೂ ಮೇಷ್ಟ್ರು ಸುಮ್ನೆ ತಮಾಷೆಗೆ ಕಲಿಸಿದ್ದರು. ಕಂಪನಿ ಕೆಲಸಕ್ಕೆ ಅಡಿಸ್ ಅಬಾಬಾಗೆ ಹೋದಾಗ ಅಂಗಡಿಯ ಬೋರ್ಡೊಂದನ್ನು ನಾನೇ ಓದಿದೆ: ಬುನಾ, ಅಂದರೆ ಕಾಫಿ. ಜೊತೆಗಿದ್ದ ಎಂಜಿನಿಯರ್‌ಗಳು ಕಣ್ಣು ಕಣ್ಣು ಬಿಟ್ಟರು. ನಮ್ಮ ಶಾಲೆಯವರು ಕರೆದರೆ ಆ ಎರಡು ಸಾಲು ಕಲಿಸಿಕೊಡಲು ನಾನು ತಯಾರು. ಸೀಮೆಸುಣ್ಣ ಮಾತ್ರ ನೀವೇ ಕೊಡಿ.