ಹೋಗಲ್ಲ ಅಂದವರ ಬಗ್ಗೆ

ನಾನೂ ರಸ್ತೆ ಮೇಲೆ ಕೂತವನೇ. ಭತ್ತ ಹೊಡೆ ಕಟ್ಟುವ ಹೊತ್ತಿಗೆ ಸರಿಯಾಗಿ ನಮ್ಮ ಕಾಲುವೆಯಲ್ಲಿ ನೀರು ನಿಂತುಬಿಟ್ಟಿತ್ತು. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದ ಊರುಗಳಿಗೆ ಇದೇನು ಹೊಸದಲ್ಲ. ಸಿಂಧನೂರು ಕಡೆಯ ಯಾರನ್ನಾದರೂ ಕೇಳಿ, ಹೇಳುತ್ತಾರೆ. ಅವತ್ತು ಮೂರು ತಾಸು ಕೂತೆವು. ಲಾರಿಗಳು ಸಾಲುಗಟ್ಟಿ ನಿಂತವು. ಆಂಬುಲೆನ್ಸ್ ಬಂದಾಗ ಎದ್ದು ದಾರಿ ಬಿಟ್ಟು ಮತ್ತೆ ಕೂತೆವು. ಒಬ್ಬ ಕಾರಿನವನು ಗ್ಲಾಸ್ ಇಳಿಸಿ, ನಿಮ್ಮ ನೀರಿಗೆ ನಾವ್ಯಾಕೆ ಬಿಸಿಲಲ್ಲಿ ಸಾಯಬೇಕು ಅಂತ ಬೈದ. ಅಪ್ಪ ಏನೂ ಹೇಳಲಿಲ್ಲ. ಟವೆಲ್ ತಲೆಗೆ ಸುತ್ತಿಕೊಂಡು ಹಾಗೇ ಕೂತಿದ್ದ.

ಆ ಕಾರಿನವನ ಮುಖ ಮೊನ್ನೆ ಕೊಪ್ಪಳದಲ್ಲಿ ನೆನಪಾಯಿತು. ಸಂಬಂಧಿಕರ ಮನೆಯಲ್ಲಿ ಬೆಳಿಗ್ಗೆ ಮಂಡಾಳು ಒಗ್ಗರಣೆ, ಮಿರ್ಚಿ ತಿನ್ನುತ್ತಾ ಕೂತಿದ್ದೆವು. ಯಾರದೋ ಫೋನಿನಲ್ಲಿ ಒಂದು ಹಳೇ ವಿಡಿಯೋ ಬಂತು. ಸ್ವೀಡನ್‌ನ ಗೋಥೆನ್‌ಬರ್ಗ್‌ನದು, 2018ರ ಜುಲೈನದು. ಎಲಿನ್ ಎರ್ಸನ್ ಅನ್ನುವ ವಿದ್ಯಾರ್ಥಿನಿ ವಿಮಾನದಲ್ಲಿ ಸೀಟಿನಲ್ಲಿ ಕೂರದೆ ನಿಂತುಬಿಟ್ಟಿದ್ದಾಳೆ. ಪ್ರಯಾಣಿಕರು ಕೂರದಿದ್ದರೆ ವಿಮಾನ ಏರೋದಿಲ್ಲ. ಅದರಲ್ಲಿ ಒಬ್ಬ ಅಫ್ಘಾನ್ ಮನುಷ್ಯನನ್ನು ಗಡೀಪಾರು ಮಾಡಿ ಕಳಿಸುತ್ತಿದ್ದರು. ಅವನನ್ನು ಇಳಿಸುವ ತನಕ ಕೂರಲ್ಲ ಅಂತ ಹಟ. ಕಣ್ಣಲ್ಲಿ ನೀರು ಬರುತ್ತಿದೆ, ಧ್ವನಿ ನಡುಗುತ್ತಿದೆ, ಫೋನು ಮಾತ್ರ ಕೆಳಗಿಳಿಸುತ್ತಿಲ್ಲ. ಒಬ್ಬ ಪ್ರಯಾಣಿಕ ಸಿಟ್ಟಿನಿಂದ ಬಂದು ಅವಳ ಫೋನ್ ಕಿತ್ತುಕೊಳ್ಳುತ್ತಾನೆ. ಇನ್ನು ಕೆಲವರು ಚಪ್ಪಾಳೆ ತಟ್ಟುತ್ತಾರೆ. ಕೊನೆಗೆ ಆ ಮನುಷ್ಯನನ್ನೂ ಇಳಿಸಿದರು, ಇವಳನ್ನೂ ಇಳಿಸಿದರು. ಮುಂದಿನ ವರ್ಷ ಕೋರ್ಟು ಅವಳಿಗೆ 3,000 ಕ್ರೋನಾ ದಂಡ ಹಾಕಿತು.

ವಿಡಿಯೋ ಮುಗಿಯುವ ಮೊದಲೇ ನಮ್ಮ ಮಾವ ಶುರು ಮಾಡಿದರು. 'ಆಸರೆ ಕೇಳಿಕೊಂಡು ಬಂದವರು ತೆಪ್ಪಗಿರಬೇಕಪ್ಪಾ. ಹೋಗು ಅಂದ್ರೆ ಹೋಗಬೇಕು. ಅವರದೇನು ಗಲಾಟೆ?' ಅಲ್ಲಿದ್ದ ಐದಾರು ಜನ ಹೌದು ಹೌದು ಅಂದರು. ಮಾವ ಕೆಟ್ಟವರಲ್ಲ. ಮನೆ ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸಿದವರಲ್ಲ. ಅದಕ್ಕೇ ಆ ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ. ಕೈಚಾಚಿ ನಿಂತವನಿಗೆ ಅವರು ರೊಟ್ಟಿ ಕೊಡುತ್ತಾರೆ. ಅದೇ ಮನುಷ್ಯ ನನ್ನನ್ನು ಕಳಿಸಬೇಡಿ, ನಾನು ಹೋಗಲ್ಲ ಅಂತ ನೆಲದ ಮೇಲೆ ಕೂತರೆ ಅವನು ದುರಹಂಕಾರಿ ಆಗಿಬಿಡುತ್ತಾನೆ. ಎಲ್ಲ ದೇಶದಲ್ಲೂ ಜನ ಹೀಗೇ ಇದ್ದಾರೆ ಅನಿಸುತ್ತದೆ.

2006ರ ಮೇ ತಿಂಗಳಲ್ಲಿ ಐರ್ಲೆಂಡ್‌ನ ಡಬ್ಲಿನ್‌ನಲ್ಲಿ ಸುಮಾರು 40 ಅಫ್ಘಾನರು ಸೇಂಟ್ ಪ್ಯಾಟ್ರಿಕ್ ಕ್ಯಾಥೆಡ್ರಲ್ ಒಳಗೆ ಹೋಗಿ ಉಪವಾಸ ಕೂತರು. ತಾಲಿಬಾನ್ ಕಾಟದಿಂದ ಓಡಿ ಬಂದವರು, ವಾಪಸ್ ಕಳಿಸಬೇಡಿ ಅನ್ನುವುದೇ ಬೇಡಿಕೆ. ಒಂದು ವಾರ ಕೂತರು. ಆಮೇಲೆ ಪೊಲೀಸರು ಒಳಗೆ ಹೋಗಿ ಎಬ್ಬಿಸಿ ಕರೆದುಕೊಂಡು ಬಂದರು. 2021ರಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ಒಂದು ಚರ್ಚು ಮತ್ತು ಎರಡು ವಿಶ್ವವಿದ್ಯಾಲಯಗಳಲ್ಲಿ 400ಕ್ಕೂ ಜಾಸ್ತಿ ಜನ ಹತ್ತಿರ ಎರಡು ತಿಂಗಳು ಅನ್ನ ಬಿಟ್ಟರು. ಅವರೆಲ್ಲ ಆಶ್ರಯದ ಅರ್ಜಿ ಹಾಕಿದವರೇ ಅಂತಲ್ಲ. ಕಾಗದಪತ್ರ ಇಲ್ಲದೆ ವರ್ಷಗಟ್ಟಲೆ ಅಲ್ಲೇ ಗಾರೆ ಕೆಲಸ, ಕಸ ಗುಡಿಸುವ ಕೆಲಸ, ಅಡುಗೆ ಕೆಲಸ ಮಾಡಿಕೊಂಡಿದ್ದವರೂ ಇದ್ದರು. ಕೆಲವರು ಸೂಜಿ ದಾರದಿಂದ ತಮ್ಮ ತುಟಿ ಹೊಲಿದುಕೊಂಡರು. ಅದನ್ನು ಬ್ಲಾಕ್‌ಮೇಲ್ ಅಂತ ಕರೆದವರೂ ಇದ್ದಾರೆ.

ಬ್ಲಾಕ್‌ಮೇಲ್ ಅನ್ನುವ ಮಾತು ನನಗೆ ಹಿಡಿಸೋದಿಲ್ಲ. ಬೆದರಿಸುವವನ ಕೈಯಲ್ಲಿ ಏನಾದರೂ ಇರಬೇಕು ಅಲ್ವಾ? ಇವರಿಗೆ ಓಟಿಲ್ಲ. ಆ ದೇಶದಲ್ಲಿ ಹೊಲ ಇಲ್ಲ, ಮನೆ ಇಲ್ಲ, ಇವರ ಪರವಾಗಿ ಫೋನ್ ಮಾಡುವ ಶಾಸಕ ಇಲ್ಲ. ನಾವು ಕಾಲುವೆ ನೀರಿಗೆ ರಸ್ತೆ ತಡೆದರೆ ಸಂಜೆಯೊಳಗೆ ಯಾರಾದರೂ ಮಾತಾಡಿಸಲು ಬರಲೇಬೇಕು, ಯಾಕೆಂದರೆ ಮುಂದಿನ ಚುನಾವಣೆಯಲ್ಲಿ ನಾವು ಬೇಕು. ಅವರು ಯಾರಿಗೆ ಬೇಕು? ಅರ್ಜಿ ತಿರಸ್ಕಾರ ಆಗಿ, ಮೇಲ್ಮನವಿಯೂ ಬಿದ್ದುಹೋದ ಮೇಲೆ ಅವರ ಹತ್ತಿರ ಉಳಿಯುವುದು ಮೈ ಒಂದೇ. ಆ ಮೈಯನ್ನೇ ಮುಂದೆ ಇಡುತ್ತಾರೆ.

ಇನ್ನೊಂದು ವಿಷಯ ನಮ್ಮ ಜನಕ್ಕೆ ಗೊತ್ತಾಗಬೇಕು. ನಿಜವಾಗಿ ಜೀವಭಯ ಇದ್ದವರು ಹೀಗೆ ಕ್ಯಾಮೆರಾ ಮುಂದೆ ಬರ್ತಾರಾ ಅಂತ ಕೇಳುತ್ತಾರೆ. ನಾನು ಇದನ್ನು ತಿರುಗಿಸಿ ನೋಡುತ್ತೇನೆ. ಪ್ರತಿಭಟನೆಯಲ್ಲಿ ಕೂತವನ ಮುಖ ಟಿವಿಯಲ್ಲಿ ಬಂದರೆ, ಅವನು ಯಾರಿಗೆ ಹೆದರಿ ಓಡಿ ಬಂದನೋ ಅವರೂ ಅದನ್ನು ನೋಡುತ್ತಾರೆ. ಅಂದರೆ ವಾಪಸ್ ಹೋದರೆ ಅಪಾಯ ಮೊದಲಿಗಿಂತ ಜಾಸ್ತಿ. ಇಂಥ ಹೊಸ ಅಪಾಯವನ್ನು ಆಶ್ರಯದ ಅರ್ಜಿ ನೋಡುವವರೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಹಾಗಾಗಿ ಕೇಸು ಗಟ್ಟಿ ಮಾಡಿಕೊಳ್ಳಲು ನಾಟಕ ಅನ್ನುವವರೂ ಹುಟ್ಟಿಕೊಳ್ಳುತ್ತಾರೆ. ಕೆಲವರು ಹಾಗೆ ಮಾಡಿರಲೂಬಹುದು. ಆದರೆ ಮನೆಯಲ್ಲಿ ಹೆಂಡತಿ ಮಕ್ಕಳನ್ನು ಬಿಟ್ಟು ಬಂದವನು ತನ್ನ ಮುಖವನ್ನು ಲೋಕಕ್ಕೆಲ್ಲ ತೋರಿಸುವುದು ಸುಮ್ನೆ ಮಾತಲ್ಲ.

ಎರ್ಸನ್ ವಿಡಿಯೋದ ವಿಷಯದಲ್ಲಿ ನನಗೆ ಕಷ್ಟವಾದ ಒಂದು ಸಂಗತಿ ಇದೆ, ಅದನ್ನು ಮುಚ್ಚಿಡುವುದಿಲ್ಲ. ಅವಳು ಉಳಿಸಲು ಹೋಗಿದ್ದ ಹುಡುಗ ಆ ವಿಮಾನದಲ್ಲಿ ಇರಲೇ ಇಲ್ಲ. ಅಲ್ಲಿದ್ದದ್ದು ಬೇರೆ, 52 ವರ್ಷದ ಮನುಷ್ಯ. ಅವನಿಗೆ ಹಲ್ಲೆ ಪ್ರಕರಣದಲ್ಲಿ ಶಿಕ್ಷೆಯಾಗಿತ್ತು ಅಂತ ಆಮೇಲೆ ವರದಿಯಾಯಿತು. ಇದನ್ನು ಓದಿದಾಗ ಹೊಟ್ಟೆಯಲ್ಲಿ ಹೇಗೋ ಆಯಿತು. ಎರಡು ದಿನ ಯೋಚಿಸಿದೆ. ತಪ್ಪಿಗೆ ಜೈಲಿದೆ, ಶಿಕ್ಷೆ ಅನುಭವಿಸಲಿ. ಆದರೆ ಸಾವಿನ ಬಾಯಿಗೆ ಯಾರನ್ನೂ ದೂಡಬಾರದು ಅನ್ನುವ ಮಾತು ಒಳ್ಳೆಯವರಿಗೆ ಮಾತ್ರ ಅಂತಾದರೆ, ಒಳ್ಳೆಯವನೋ ಅಲ್ಲವೋ ಅಂತ ನಿರ್ಧರಿಸುವವರು ಯಾರು? ಪಕ್ಕದ ಸೀಟಿನವನಾ? ನಾನು ಈಗಲೂ ಆ ಹುಡುಗಿ ನಿಂತದ್ದು ಸರಿ ಅಂತಲೇ ಹೇಳುತ್ತೇನೆ.

ನಮ್ಮ ದೇಶ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಆಶ್ರಯಕ್ಕೆ ಅಂತ ಪ್ರತ್ಯೇಕ ಕಾನೂನೂ ಇಲ್ಲ. 2018ರ ಅಕ್ಟೋಬರ್‌ನಲ್ಲಿ ಏಳು ಜನ ರೋಹಿಂಗ್ಯಾಗಳನ್ನು, ಅಂದರೆ ಮ್ಯಾನ್ಮಾರ್‌ನಲ್ಲಿ ಕಿರುಕುಳಕ್ಕೆ ಒಳಗಾದ ಮುಸ್ಲಿಂ ಸಮುದಾಯದವರನ್ನು, ಮಣಿಪುರದ ಗಡಿಯಲ್ಲಿ ಮ್ಯಾನ್ಮಾರ್‌ಗೆ ಒಪ್ಪಿಸಿದರು. 2012ರಿಂದ ಅಸ್ಸಾಂನ ಸಿಲ್ಚಾರ್‌ನಲ್ಲಿ ಬಂಧನದಲ್ಲಿ ಇದ್ದವರು. ಅವರು ಒಪ್ಪಿಯೇ ಹೋಗುತ್ತಿದ್ದಾರೆ ಅಂತ ಸರ್ಕಾರ ಹೇಳಿತು, ಸುಪ್ರೀಂ ಕೋರ್ಟ್ ತಡೆಯಲಿಲ್ಲ. 2021ರ ಏಪ್ರಿಲ್‌ನಲ್ಲಿ ಅದೇ ಕೋರ್ಟ್, ಜೀವಿಸುವ ಹಕ್ಕು ಎಲ್ಲರಿಗೂ ಇದೆ, ಆದರೆ ಗಡೀಪಾರಾಗದೆ ಉಳಿಯುವ ಹಕ್ಕು ನಾಗರಿಕರಿಗೆ ಸೇರಿದ್ದು ಎಂದಿತು. ಆ ಏಳು ಜನ ಹೋಗುವಾಗ ಯಾವ ವಿಮಾನದಲ್ಲೂ ಯಾರೂ ಎದ್ದು ನಿಂತಿರಲಿಲ್ಲ. ತೆಪ್ಪಗಿದ್ದರೆ ಒಳ್ಳೆಯದಾಗುತ್ತೆ ಅನ್ನುವ ಮಾವನಿಗೆ ನಾನು ಈ ಏಳು ಜನರ ಕಥೆ ಹೇಳಿದೆ. ಅವರು ಮಿರ್ಚಿ ಕೆಳಗಿಟ್ಟು ಕೇಳಿದರು. ಉತ್ತರ ಕೊಡಲಿಲ್ಲ.

ಆಮೇಲೆ ಇನ್ನೊಂದು ಹೇಳಿದೆ, ಅದಕ್ಕೆ ಅವರು ಬೆಚ್ಚಿದರು. 2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ ಬಾಂಗ್ಲಾದೇಶದವರು ಅಂತ ಹೇಳಿ ಗುಡಿಸಲು ಕೆಡವಿದರಲ್ಲ, ಅದರಲ್ಲಿ ನಮ್ಮ ಉತ್ತರ ಕರ್ನಾಟಕದಿಂದ ಗುಳೆ ಹೋದವರೂ ಇದ್ದರು. ಕನ್ನಡ ಮಾತಾಡುವವರು, ಆಧಾರ್, ಓಟರ್ ಕಾರ್ಡು ಇದ್ದವರು. ಕಾರ್ಡು ತೋರಿಸುವ ಹೊತ್ತಿಗೆ ತಗಡು ನೆಲಕ್ಕೆ ಬಿದ್ದಿತ್ತು. ಹೈಕೋರ್ಟ್ ಅದನ್ನು ಕಾನೂನಿಗೆ ವಿರುದ್ಧ ಅಂತ ಹೇಳಿತು. ಗೋವಾದ ಬೈನಾದಲ್ಲಿ 2017ರಲ್ಲಿ ಕನ್ನಡಿಗರೇ ಮನೆ ಕಳೆದುಕೊಂಡರು. ದೇಶದೊಳಗೇ ನಮಗೆ ಇಷ್ಟು ಸಂಕಟ ಆಯಿತು. ಆದರೆ ನಮ್ಮವರಿಗೆ ವಾಪಸ್ ಹೋಗಲು ಒಂದು ಊರಿತ್ತು, ಅಲ್ಲಿ ಬಂದೂಕು ಹಿಡಿದು ಯಾರೂ ಕಾಯುತ್ತಿರಲಿಲ್ಲ. ಆ ವ್ಯತ್ಯಾಸ ಚಿಕ್ಕದಲ್ಲ.

ಊರಿಗೆ ವಾಪಸ್ ಬಂದ ಮೇಲೆ ಭಾನುವಾರ ಮೀನು ತರಲು ಸಿಂಧನೂರಿನ ಮಾರ್ಕೆಟ್ಟಿಗೆ ಹೋಗಿದ್ದೆ. ನಾವು ಯಾವಾಗಲೂ ತಗೊಳ್ಳುವುದು ಕ್ಯಾಂಪಿನ ಒಬ್ಬ ಅಜ್ಜಿಯ ಹತ್ತಿರ. ಪೂರ್ವ ಪಾಕಿಸ್ತಾನದಿಂದ ಓಡಿಬಂದ ಬಂಗಾಳಿ ಹಿಂದೂಗಳನ್ನು 1970ರ ದಶಕದಲ್ಲಿ ಸರ್ಕಾರ ನಮ್ಮ ತಾಲೂಕಿಗೆ ತಂದು ನೆಲೆಗೊಳಿಸಿತು. ಬಹಳಷ್ಟು ಜನ ನಾಮಶೂದ್ರರು, ಬಂಗಾಳದ ಒಂದು ದಲಿತ ಜಾತಿಯವರು. ಆರ್.ಎಚ್. ಕ್ಯಾಂಪು, ಅಂದರೆ ಪುನರ್ವಸತಿ ಕ್ಯಾಂಪು, ಇಲ್ಲಿ ಎಲ್ಲರಿಗೂ ಗೊತ್ತು. ಭತ್ತ ಬೆಳೆಯುತ್ತಾರೆ, ಮೀನು ಸಾಕುತ್ತಾರೆ, ದುರ್ಗಾಪೂಜೆ ಮಾಡುತ್ತಾರೆ, ನಮಗಿಂತ ಚೆನ್ನಾಗಿ ರಾಯಚೂರು ಕನ್ನಡ ಮಾತಾಡುತ್ತಾರೆ. ಪೌರತ್ವಕ್ಕೆ, ಜಾತಿ ಪ್ರಮಾಣಪತ್ರಕ್ಕೆ ವರ್ಷಗಟ್ಟಲೆ ಓಡಾಡಿದವರು.

ಅಜ್ಜಿ ಚಿಕ್ಕ ಹುಡುಗಿಯಾಗಿ ಬಂದವಳು. ಅವಳ ಹತ್ತಿರ ಅಪ್ಪನ ಬಾರ್ಡರ್ ಸ್ಲಿಪ್ ಇದೆ. ಗಡಿ ದಾಟಿದಾಗ ಕೊಟ್ಟ ಚೀಟಿ ಅದು. ಒಂದು ಸಲ ತೋರಿಸಿದ್ದಳು. ಮಡಚಿದ ಕಡೆ ನಾಲ್ಕು ತುಂಡಾಗಿ, ಒಂದರ ಮೇಲೊಂದು ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದಳು. ಹೆಸರಿದ್ದ ಜಾಗದಲ್ಲಿ ಮಸಿ ಕಂದಿಹೋಗಿತ್ತು. ಆದರೂ ಕವರ್ ತೆರೆಯುವ ಮೊದಲು ಸೆರಗಿಗೆ ಕೈ ಎರಡೂ ಚೆನ್ನಾಗಿ ಒರೆಸಿಕೊಂಡಿದ್ದಳು, ಮೀನಿನ ನೀರು ತಾಗಬಾರದು ಅಂತ.

ಅವತ್ತು ಕೇಳಿದೆ, ಅಜ್ಜಿ, ನೀವು ಯಾವತ್ತಾದರೂ ಧರಣಿ ಕೂತಿದ್ದೀರಾ ಅಂತ.

ಮೀನಿನ ಪೊರೆ ತೆಗೆಯುತ್ತಲೇ ಹೇಳಿದಳು. 'ಕೂತೀವಪ್ಪ, ಭಾಳ ಸಲ. ಮೊದಲ ಸಲ ಕೂತಾಗ ಇಲ್ಲಿಯ ಮಂದಿಗೆ ಸಿಟ್ಟು ಬಂತು. ಜಾಗ ಕೊಟ್ಟೀವಿ, ನೀರು ಕೊಟ್ಟೀವಿ, ಇನ್ನೇನು ಅಂದ್ರು. ಎರಡು ದಿನ ನನ್ನ ಹತ್ರ ಯಾರೂ ಮೀನು ತಗೊಳ್ಳಲಿಲ್ಲ.'

ಆಮೇಲೆ?

'ಆಮೇಲೆ ಬಂದ್ರು. ನಿಮ್ಮಪ್ಪನೂ ಬಂದ.'

ಅಪ್ಪನೂ ಆ ಎರಡು ದಿನ ಹೋಗಿರಲಿಲ್ಲ ಅಂತ ನನಗೆ ಆಗಲೇ ಗೊತ್ತಾಗಿದ್ದು. ಒಂದೂವರೆ ಕಿಲೋ ರೋಹು ತೂಗಿ, ತುಂಡು ಮಾಡಿ, ತಲೆ ಬೇರೆ ಕವರಿಗೆ ಹಾಕಿಕೊಟ್ಟಳು. ಮನೆಗೆ ಬಂದು ಅಪ್ಪನನ್ನು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹೌದು, ಹೋಗಿರಲಿಲ್ಲ' ಅಂದ.