ಗಿಡಕ್ಕೂ ಜ್ವರ ಬರ್ತದಾ ಮೇಡಂ?

ಮಂಗಳೂರಿನಲ್ಲಿ ಸಸ್ಯಶಾಸ್ತ್ರ ಕಲಿಸುವವರಿಗೆ ಒಂದು ಕಷ್ಟ ಉಂಟು. ಮದುವೆ ಊಟಕ್ಕೆ ಕೂತರೂ, ಪಾಯಸ ಬರುವ ಮೊದಲೇ ಪಕ್ಕದವರು ತಮ್ಮ ತೋಟದ ಅಡಿಕೆಯ ಸಂಗತಿ ತೆಗೆಯುತ್ತಾರೆ. ಫೋನಿನಲ್ಲಿ ಎಲೆಯ ಫೋಟೋ ತೋರಿಸುತ್ತಾರೆ. ಆಮೇಲೆ ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: "ಗಿಡಕ್ಕೂ ನಮ್ಮ ಹಾಗೆ ಜ್ವರ ಬರ್ತದಾ? ರೋಗ ತಗಲಿದ್ದು ಅದಕ್ಕೆ ಗೊತ್ತಾಗ್ತದಾ, ಇಲ್ಲ ಸುಮ್ನೆ ನಿಂತು ಸಾಯ್ತದಾ?" ಕ್ಲಾಸಿನ ಮಕ್ಕಳು ಇದನ್ನೇ ತಮಾಷೆಗೆ ಕೇಳುತ್ತಾರೆ, ತೋಟದವರು ಬೇಸರದಲ್ಲಿ ಕೇಳುತ್ತಾರೆ.

ಬರ್ತದೆ ಮಾರಾಯ್ರೆ. ಎಲೆ ನಿಜವಾಗಿಯೂ ಬಿಸಿಯಾಗುತ್ತದೆ.

ತಂಬಾಕಿನ ಎಲೆಗೆ ಮೊಸಾಯಿಕ್ ವೈರಸ್ ತಗಲಿಸಿ, ಶಾಖ ಹಿಡಿಯುವ ಕ್ಯಾಮೆರಾದಲ್ಲಿ ನೋಡಿದ ಪ್ರಯೋಗವೊಂದು 1999ರಲ್ಲಿ ಪ್ರಕಟವಾಯಿತು. ಎಲೆಯ ಮೇಲೆ ಒಂದು ಚುಕ್ಕೆಯೂ ಇರಲಿಲ್ಲ. ಆದರೆ ವೈರಸ್ ಹೊಕ್ಕ ಜಾಗ ಮಾತ್ರ 0.3ರಿಂದ 0.4 ಡಿಗ್ರಿ ಬಿಸಿಯಾಗಿತ್ತು. ಕಣ್ಣಿಗೆ ಕಾಣುವ ಚುಕ್ಕೆ ಬಂದದ್ದು ಅದಾಗಿ ಸುಮಾರು 8 ಗಂಟೆಯ ನಂತರ. ಎಲೆಯಲ್ಲಿ ಸಣ್ಣ ಸಣ್ಣ ಪತ್ರರಂಧ್ರಗಳಿರುತ್ತವೆ. ಅವುಗಳಿಂದ ನೀರು ಆವಿಯಾಗಿ ಹೋಗುವುದರಿಂದಲೇ ಎಲೆ ತಂಪಾಗಿರುವುದು. ಸೋಂಕು ತಗಲಿದ ಜಾಗದಲ್ಲಿ ಸ್ಯಾಲಿಸಿಲಿಕ್ ಆಮ್ಲ ಸೇರುತ್ತದೆ, ರಂಧ್ರಗಳು ಮುಚ್ಚುತ್ತವೆ, ಆವಿ ನಿಲ್ಲುತ್ತದೆ, ಬಿಸಿ ಏರುತ್ತದೆ. ನಾವು ಜ್ವರ ಇಳಿಸಲು ನುಂಗುವ ಆಸ್ಪಿರಿನ್ ಇದೇ ಆಮ್ಲದ ಹತ್ತಿರದ ನೆಂಟ. ನಮ್ಮಲ್ಲಿ ಜ್ವರ ಇಳಿಸುವ ಜಾತಿಯದ್ದು ಅಲ್ಲಿ ಜ್ವರ ತರುತ್ತದೆ!

ಈ ಆಮ್ಲಕ್ಕೂ ಬಿಸಿಗೂ ಇನ್ನೊಂದು ಹಳೇ ಸಂಬಂಧ ಇದೆ. ಮಳೆ ಶುರುವಾಗುವ ಹೊತ್ತಿಗೆ ನಮ್ಮ ಹಿತ್ತಿಲಲ್ಲಿ ಸುವರ್ಣಗೆಡ್ಡೆ ಹೂ ಬಿಟ್ಟು ಸತ್ತ ಇಲಿಯ ಹಾಗೆ ನಾರುತ್ತದಲ್ಲ, ಆಗ ಆ ಹೂವಿನ ನಡುದಿಂಡು ಮುಟ್ಟಿದರೆ ಬೆಚ್ಚಗಿರುತ್ತದೆ. ಅದೇ ಕುಟುಂಬದ ವೂಡೂ ಲಿಲಿ ಎಂಬ ಗಿಡದಲ್ಲಿ ಈ ಬಿಸಿಗೆ ಕಾರಣ ಸ್ಯಾಲಿಸಿಲಿಕ್ ಆಮ್ಲ ಅಂತ 1987ರಲ್ಲಿ ಗೊತ್ತಾಯಿತು. ಅದು ರೋಗವಲ್ಲ, ನೊಣ ಕರೆಯುವ ಉಪಾಯ. ಹೇಳದೇ ಇರಲಿಕ್ಕಾಗಲಿಲ್ಲ ಅಷ್ಟೆ.

ಸರಿ, ಗೊತ್ತಾಗುವುದು ಹೇಗೆ? ಗಿಡಕ್ಕೆ ರಕ್ತವಿಲ್ಲ, ಓಡಾಡಿ ಕಾಯುವ ಬಿಳಿ ರಕ್ತಕಣ ಇಲ್ಲ. ಹಾಗಾಗಿ ಪ್ರತಿ ಕೋಶವೂ ತನ್ನ ಕಾವಲು ತಾನೇ ಕಾಯಬೇಕು. ಕೋಶದ ಪೊರೆಯ ಮೇಲೆ ಗುರುತು ಹಿಡಿಯುವ ಪ್ರೋಟೀನ್‌ಗಳು ಹೊರಗೆ ಚಾಚಿಕೊಂಡಿರುತ್ತವೆ. ಬ್ಯಾಕ್ಟೀರಿಯಾ ಈಜಲು ಬಳಸುವ ಬಾಲದ ಪ್ರೋಟೀನ್ ಇದೆಯಲ್ಲ, ಅದರ 22 ಅಮೈನೋ ಆಮ್ಲಗಳ ಒಂದು ತುಣುಕು ತಗಲಿದರೂ ಸಾಕು. ಕೆಲವೇ ನಿಮಿಷದಲ್ಲಿ ಕೋಶದೊಳಗೆ ಕ್ಯಾಲ್ಸಿಯಂ ನುಗ್ಗುತ್ತದೆ. ಹೊರಗೆ ಹೈಡ್ರೋಜನ್ ಪೆರಾಕ್ಸೈಡ್ ಸುರಿಯುತ್ತದೆ. ಗಾಯ ತೊಳೆಯುವಾಗ ನೊರೆ ಬರುತ್ತದಲ್ಲ, ಅದೇ ರಾಸಾಯನಿಕ. ಆಮೇಲೆ ಕೋಶಭಿತ್ತಿಯ ಒಳಬದಿಗೆ ಕ್ಯಾಲೋಸ್ ಎಂಬ ಅಂಟಂಟು ಪದಾರ್ಥದ ತೇಪೆ ಬೀಳುತ್ತದೆ. ಪತ್ರರಂಧ್ರಗಳೂ ಒಂದು ಗಂಟೆಯೊಳಗೆ ಮುಚ್ಚಿಕೊಳ್ಳುತ್ತವೆ. ಬ್ಯಾಕ್ಟೀರಿಯಾ ಎಲೆಯೊಳಗೆ ಹೋಗುವ ಮುಖ್ಯ ದಾರಿ ಅದೇ ತಾನೇ.

ಬ್ಯಾಕ್ಟೀರಿಯಾ ಏನು ಕಡಿಮೆಯಾ? ಸ್ಯೂಡೋಮೊನಾಸ್ ಜಾತಿಯ ಕೆಲವು ತಳಿಗಳು ಕೊರೊನಾಟಿನ್ ಎಂಬ ವಿಷ ತಯಾರಿಸುತ್ತವೆ. ಅದು ಗಿಡದ್ದೇ ಒಂದು ಹಾರ್ಮೋನಿನ ನಕಲು. ಅದು ಬಿದ್ದರೆ ಮುಚ್ಚಿದ ರಂಧ್ರ ಮತ್ತೆ ತೆರೆಯುತ್ತದೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದಾಗಲಂತೂ ಮುಚ್ಚುವ ಕೆಲಸವೇ ಸರಿಯಾಗಿ ಆಗುವುದಿಲ್ಲ. ವರ್ಷಕ್ಕೆ 3500 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ, ಆಟಿ ತಿಂಗಳ ಮಳೆಯಲ್ಲಿ ಒಗೆದ ಬಟ್ಟೆ ವಾರವಾದರೂ ಒಣಗದ ನಮ್ಮ ಊರಿನಲ್ಲಿ ಗಿಡದ ಪಾಡು ಏನಂತ ಇದರಲ್ಲೇ ಗೊತ್ತಾಗುತ್ತದೆ.

ಬೇಸಿಗೆಯಲ್ಲಾದರೂ ಸುಖವಾ ಅಂದರೆ ಅದೂ ಇಲ್ಲ. ನಮ್ಮ ಮೈಯಲ್ಲಿ ಜ್ವರ ಬಂದರೆ ರೋಗಾಣುವಿಗೆ ಕಷ್ಟ. ಗಿಡದಲ್ಲಿ ಹವೆ ಬಿಸಿಯಾದರೆ ಕಷ್ಟ ಗಿಡಕ್ಕೇ. ತಂಬಾಕಿಗೆ ಮೊಸಾಯಿಕ್ ವೈರಸ್ ವಿರುದ್ಧ ರಕ್ಷಣೆ ಕೊಡುವ ಎನ್ ಎಂಬ ಜೀನ್ ಇದೆ. 28 ಡಿಗ್ರಿ ದಾಟಿದರೆ ಅದು ಕೆಲಸ ಮಾಡುವುದಿಲ್ಲ, ವೈರಸ್ ಇಡೀ ಗಿಡಕ್ಕೆ ಹಬ್ಬುತ್ತದೆ. ಸಾಸಿವೆ ಕುಟುಂಬದ ಅರಾಬಿಡಾಪ್ಸಿಸ್ ಗಿಡದಲ್ಲಿ ಅದೇ 28 ಡಿಗ್ರಿಯಲ್ಲಿ ಸ್ಯಾಲಿಸಿಲಿಕ್ ಆಮ್ಲದ ತಯಾರಿಯೇ ಕುಸಿಯುತ್ತದೆ ಅಂತ 2022ರಲ್ಲಿ ಬಂದ ಸಂಶೋಧನೆ ತೋರಿಸಿತು. ಎಲ್ಲ ಗಿಡಕ್ಕೂ ಗೆರೆ 28ರಲ್ಲೇ ಅಂತಲ್ಲ. ಆದರೂ ಮಂಗಳೂರಿನಲ್ಲಿ ಮಧ್ಯಾಹ್ನ 28 ಡಿಗ್ರಿ ಇದ್ದರೆ ನಾವು "ಇವತ್ತು ತಂಪುಂಟು" ಅನ್ನುತ್ತೇವೆ!

ಇನ್ನು ಚುಕ್ಕೆಯ ವಿಷಯ. ಎಲೆಯಲ್ಲಿ ಕಂದು ಚುಕ್ಕೆ ಕಂಡ ಕೂಡಲೇ ಎಲ್ಲರೂ ಗಾಬರಿಯಾಗುತ್ತಾರೆ. ಆದರೆ ಕಾಣುವ ಹಾನಿಯೆಲ್ಲ ರೋಗಾಣು ಮಾಡಿದ್ದಲ್ಲ. ಎಷ್ಟೋ ಸಲ ಅದು ಗಿಡವೇ ಮಾಡಿಕೊಂಡದ್ದು. ರೋಗಾಣು ಒಳಗೆ ಬಿಟ್ಟ ಪ್ರೋಟೀನನ್ನು ಕೋಶ ಗುರುತು ಹಿಡಿದರೆ, ಆ ಕೋಶ ತಾನಾಗಿ ಸಾಯುತ್ತದೆ. ಸುತ್ತಲಿನ ಕೆಲವೂ ಸಾಯುತ್ತವೆ. ಗುಡ್ಡಕ್ಕೆ ಬೆಂಕಿ ಬಿದ್ದಾಗ ಮುಂದೆ ಹೋಗಿ ಒಂದು ಪಟ್ಟಿ ಹುಲ್ಲನ್ನು ನಾವೇ ಸುಟ್ಟುಬಿಡುತ್ತೇವಲ್ಲ, ಹಾಗೆ. ಬದುಕಿದ ಕೋಶದಿಂದ ಮಾತ್ರ ಉಣ್ಣಬಲ್ಲ ರೋಗಾಣುವಿಗೆ ಅಲ್ಲಿಗೆ ದಾರಿ ಮುಗಿಯಿತು. ಸೂಜಿಮೊನೆಯಷ್ಟೇ ಇದ್ದು, ವಾರವಾದರೂ ಬೆಳೆಯದ ಒಣ ಚುಕ್ಕೆ ಕಂಡರೆ ನನಗೆ ಖುಷಿಯಾಗುತ್ತದೆ. ಆ ಎಲೆ ಗೆದ್ದಿರುವ ಸಾಧ್ಯತೆ ಜಾಸ್ತಿ. ಅದಕ್ಕೆ ಮದ್ದು ಹೊಡೆಯುವುದು ದುಡ್ಡು ದಂಡ.

ಎಲ್ಲ ರೋಗಾಣುವಿನ ಮುಂದೆಯೂ ಈ ಉಪಾಯ ನಡೆಯುವುದಿಲ್ಲ. ಸತ್ತ ಕೋಶವನ್ನೇ ತಿನ್ನುವ ಶಿಲೀಂಧ್ರಗಳಿಗೆ ಗಿಡ ಹೀಗೆ ಸತ್ತು ಕೊಡುವುದು ಊಟ ಬಡಿಸಿದ ಲೆಕ್ಕ.

ಅಡಿಕೆಯ ಕೊಳೆರೋಗಕ್ಕೆ ಬರೋಣ, ಈ ಕಡೆ ಅದನ್ನು ಬಿಟ್ಟು ಮಾತು ಮುಗಿಯುವುದಿಲ್ಲ. ಅದನ್ನು ತರುವ ಫೈಟೋಫ್ತೋರಾ ಶಿಲೀಂಧ್ರವೇ ಅಲ್ಲ, ಸಮುದ್ರದ ಕಂದು ಪಾಚಿಗಳಿಗೆ ಹತ್ತಿರದ್ದು. ಅದರ ಬೀಜಕಣಗಳಿಗೆ ಎರಡು ಬಾಲ ಇರುತ್ತವೆ, ಕಾಯಿಯ ಮೇಲಿನ ತೆಳು ನೀರಿನ ಪೊರೆಯಲ್ಲಿ ಈಜಿಕೊಂಡು ಬರುತ್ತವೆ. ಮೊದಲು ತೊಟ್ಟಿನ ಹತ್ತಿರ ಕಡುಹಸಿರು, ನೀರು ಕುಡಿದ ಹಾಗಿನ ಕಲೆ. ಆಮೇಲೆ ಕಾಯಿ ಪಟಪಟ ಉದುರುತ್ತದೆ, ಬಿದ್ದ ಕಾಯಿಯ ಮೇಲೆ ಬಿಳಿ ಬೂಷ್ಟು ಹತ್ತುತ್ತದೆ. ಕಾಯಿ ಯಾಕೆ ಸೋಲುತ್ತದೆ? ಈ ಕುಲದವು ಕೋಶದೊಳಗೆ ನೂರಾರು ಬಗೆಯ ಪ್ರೋಟೀನ್ ತೂರಿಸುತ್ತವೆ. ಒಂದು ಕ್ಯಾಲ್ಸಿಯಂ ತರುವ ಅಪಾಯದ ಸುದ್ದಿ ತಡೆಯುತ್ತದೆ, ಇನ್ನೊಂದು ಕೋಶ ಸಾಯದ ಹಾಗೆ ನೋಡಿಕೊಳ್ಳುತ್ತದೆ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಯನ್ನು ನೆಲಕಚ್ಚಿಸಿದ್ದು ಇದೇ ಕುಲದ್ದು. 2009ರಲ್ಲಿ ಅದರ ಜೀನ್‌ಗಳನ್ನೆಲ್ಲ ಓದಿದಾಗ ಇಂಥ ಪ್ರೋಟೀನಿನ ಒಂದೇ ಗುಂಪಿನಲ್ಲಿ 500ಕ್ಕೂ ಹೆಚ್ಚು ಸಿಕ್ಕವು. ಗಿಡ ಒಂದನ್ನು ಗುರುತು ಹಿಡಿಯಲು ಕಲಿಯುವಷ್ಟರಲ್ಲಿ ಅದು ಇನ್ನೊಂದನ್ನು ಬದಲಾಯಿಸಿರುತ್ತದೆ.

ಅದಕ್ಕೇ ಇಲ್ಲಿ ಮಾತ್ರ ನಾನು ಗಿಡವನ್ನು ನಂಬಿ ಕೂರಬೇಡಿ ಅನ್ನುತ್ತೇನೆ. 1910ರ ಹೊತ್ತಿಗೆ ಮೈಸೂರು ಸಂಸ್ಥಾನದಲ್ಲಿ ಸಸ್ಯರೋಗ ತಜ್ಞ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಭ್ಯಾಸ ಮಾಡಿ ಬೋರ್ಡೋ ಎಂಬ ಮದ್ದು ಹೊಡೆಯಲು ಹೇಳಿದರು. ಇವತ್ತಿಗೂ ಅದೇ ಲೆಕ್ಕ: 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಮೈಲುತುತ್ತಿನಲ್ಲಿರುವ ತಾಮ್ರ ಈಜುವ ಬೀಜಕಣವನ್ನು ಕಾಯಿಯ ಹೊರಗೇ ಕೊಲ್ಲುತ್ತದೆ. ಒಳಗೆ ಹೊಕ್ಕದ್ದಕ್ಕೆ ಅದು ಏನೂ ಮಾಡಲಾರದು. ಮಳೆಗೆ ಮೊದಲೇ ಮದ್ದು ಬಿಡಬೇಕು ಅನ್ನುವುದು ಇದಕ್ಕೇ. ಮರ ಹತ್ತುವವರು ಸಿಗಲಿಲ್ಲ ಅಂತ ಕಾಯಿ ಉದುರಲು ಶುರುವಾದ ಮೇಲೆ ಬಿಟ್ಟರೆ, ಉಳಿದ ಕಾಯಿಯನ್ನು ಉಳಿಸಿಕೊಳ್ಳಬಹುದು ಅಷ್ಟೆ.

ಗಿಡದ ರಕ್ಷಣೆಯೇ ಗಿಡಕ್ಕೆ ಮುಳುವಾಗುವುದನ್ನು ನೋಡಬೇಕಾದರೆ ಬದನೆ ಗದ್ದೆಗೆ ಹೋಗಬೇಕು. ಕಟಪಾಡಿ ಹತ್ತಿರದ ಮಟ್ಟುವಿನ ಗುಳ್ಳ ಯಾರಿಗೆ ಗೊತ್ತಿಲ್ಲ? ಕರಾವಳಿಯ ಬದನೆಗೆ ದೊಡ್ಡ ಶತ್ರು ಸೊರಗು ರೋಗ. ನಿನ್ನೆ ಹಸಿರಾಗಿದ್ದ ಗಿಡ ಇವತ್ತು ಜೋತುಬೀಳುತ್ತದೆ, ಎಲೆಯಲ್ಲಿ ಹಳದಿಯೂ ಇಲ್ಲ, ಚುಕ್ಕೆಯೂ ಇಲ್ಲ. ಜನ ನೀರು ಸಾಲದು ಅಂತ ಇನ್ನೊಂದು ಕೊಡ ಹೊಯ್ಯುತ್ತಾರೆ. ಹಾಗೆ ಮಾಡುವ ಮೊದಲು ಬುಡದ ಹತ್ತಿರ ಕಾಂಡದ ಒಂದು ಗೇಣು ತುಂಡು ಕತ್ತರಿಸಿ. ಗಾಜಿನ ಲೋಟದಲ್ಲಿ ತಿಳಿನೀರು ತೆಗೆದುಕೊಂಡು, ಕತ್ತರಿಸಿದ ತುದಿ ನೀರಿಗೆ ತಾಗುವ ಹಾಗೆ ಅಲುಗಾಡಿಸದೆ ಹಿಡಿಯಿರಿ. ಸೊರಗು ರೋಗವಾದರೆ ಕೆಲವು ನಿಮಿಷದೊಳಗೆ ತುದಿಯಿಂದ ಹಾಲಿನಂಥ ಬಿಳಿ ಎಳೆ ಸಣ್ಣಗೆ ಕೆಳಗಿಳಿಯುತ್ತದೆ. ಅದು ಪೂರ್ತಿ ಬ್ಯಾಕ್ಟೀರಿಯಾ. ರಾಲ್ಸ್ಟೋನಿಯಾ ಅಂತ ಹೆಸರು. ಮೊದಲ ಸಲ ಇದನ್ನು ನೋಡಿದ ಮಕ್ಕಳು ಲೋಟ ಬಿಟ್ಟು ಏಳುವುದಿಲ್ಲ.

ಇದು ಬೇರಿನ ಗಾಯದಿಂದ ನುಗ್ಗಿ, ನೀರು ಏರುವ ಕೊಳವೆ ಸೇರಿ, ಅಲ್ಲಿ ಲೋಳೆ ಕಾರಿಕೊಂಡು ಕೋಟಿಗಟ್ಟಲೆ ಆಗುತ್ತದೆ. ಮೊದಲು ಹೇಳಿದೆನಲ್ಲ, ಬ್ಯಾಕ್ಟೀರಿಯಾದ ಬಾಲದ 22 ಅಮೈನೋ ಆಮ್ಲಗಳ ತುಣುಕು, ಅದು ಇದರಲ್ಲಿ ಬೇರೆ ನಮೂನೆ, ಟೊಮೆಟೊದಂಥ ಗಿಡಗಳಿಗೆ ಗುರುತೇ ಸಿಗುವುದಿಲ್ಲ. ಕೊನೆಗೂ ಗೊತ್ತಾದಾಗ ಗಿಡ ಏನು ಮಾಡುತ್ತದೆ? ಪಕ್ಕದ ಕೋಶಗಳು ಕೊಳವೆಯೊಳಗೆ ಬಲೂನಿನಂತೆ ಉಬ್ಬಿ ದಾರಿ ಬಂದ್ ಮಾಡುತ್ತವೆ. ಬೇಗ ಮಾಡಿದರೆ ಬ್ಯಾಕ್ಟೀರಿಯಾ ಸಿಕ್ಕಿಬೀಳುತ್ತದೆ. ತಡವಾದರೆ ಅಳಿದುಳಿದ ನೀರೂ ನಿಲ್ಲುತ್ತದೆ. ಆಗ ಎಷ್ಟು ಕೊಡ ಹೊಯ್ದರೂ ಮೇಲೇರುವುದಿಲ್ಲ. ಇದಕ್ಕೆ ಹೊಡೆಯುವ ಮದ್ದು ಹುಡುಕುವುದಕ್ಕಿಂತ, ಕಾಡು ಸುಂಡೆಯ ಬೇರಿಗೆ ಬದನೆ ಕಸಿ ಕಟ್ಟುವುದೇ ಒಳ್ಳೆಯದು. ಸುಂಡೆಯ ಬೇರು ಈ ಬ್ಯಾಕ್ಟೀರಿಯಾವನ್ನು ಚೆನ್ನಾಗಿ ತಡೆಯುತ್ತದೆ.

ನೆರೆನೀರು ನಿಂತಾಗ ಗಿಡ ಬಾಡುವುದು ಇನ್ನೊಂದೇ ಕತೆ. ಬುಡದಲ್ಲಿ ಅಷ್ಟು ನೀರಿದ್ದೂ ಎಲೆಗೆ ನೀರಿಲ್ಲ! ಬೇರಿಗೆ ಆಮ್ಲಜನಕ ಸಿಗದಿದ್ದರೆ ಕೋಶದೊಳಗೆ ಹುಳಿ ಏರುತ್ತದೆ. ಹುಳಿ ಏರಿದರೆ ನೀರು ಒಳಬಿಡುವ ಬಾಗಿಲು ಪ್ರೋಟೀನ್‌ಗಳು ಮುಚ್ಚಿಕೊಳ್ಳುತ್ತವೆ. ಭತ್ತ ಮಾತ್ರ ಬೇರಿನೊಳಗೆ ಗಾಳಿಗೂಡು ಮಾಡಿಕೊಂಡು ಆರಾಮ ಇರುತ್ತದೆ. ಉಪ್ಪುನೀರಿನಲ್ಲಿ ಭತ್ತವೂ ಒದ್ದಾಡುತ್ತದೆ. ಉಪ್ಪನ್ನು ತಾಳಿಕೊಳ್ಳುವವು ಕುಂದಾಪುರ ಕಡೆಯ ಹಿನ್ನೀರಿನ ಕಾಂಡ್ಲ (ಮ್ಯಾಂಗ್ರೋವ್) ಗಿಡಗಳು. ಅವುಗಳಲ್ಲಿ ಕೆಲವು ಎಲೆಯಿಂದಲೇ ಉಪ್ಪು ಹೊರಹಾಕುತ್ತವೆ, ನೆಕ್ಕಿದರೆ ಗೊತ್ತಾಗುತ್ತದೆ.

ಇಷ್ಟು ಹೇಳಿದ ಮೇಲೆ ಬರುವ ಮರುಪ್ರಶ್ನೆ: "ಹಾಗಾದ್ರೆ ಆಸ್ಪಿರಿನ್ ಕರಗಿಸಿ ಹೊಯ್ಯಬಹುದಾ?" ಪ್ರಶ್ನೆ ದಡ್ಡತನದ್ದಲ್ಲ. ತಂಬಾಕಿನ ಎಲೆಗೆ ಆಸ್ಪಿರಿನ್ ಚುಚ್ಚಿದರೆ ಮೊಸಾಯಿಕ್ ವೈರಸ್ಸಿಗೆ ತಡೆ ಬರುತ್ತದೆ ಅಂತ 1979ರಲ್ಲೇ ತೋರಿಸಿದ್ದಾರೆ. ಆದರೂ ನಾನು ಬೇಡ ಅನ್ನುತ್ತೇನೆ. ಸ್ಯಾಲಿಸಿಲಿಕ್ ಆಮ್ಲ ಸದಾ ಜಾಸ್ತಿ ಇರುವ ಗಿಡಗಳನ್ನು ಲ್ಯಾಬಿನಲ್ಲಿ ಬೆಳೆಸಿದ್ದಾರೆ, ಅವು ಕುಳ್ಳಾಗಿ ಉಳಿಯುತ್ತವೆ. ಯುದ್ಧಕ್ಕೆ ಹಾಕಿದ ಸಕ್ಕರೆ ಬೆಳೆಯಲು ಸಿಗುವುದಿಲ್ಲ.

ಇನ್ನೊಂದು ತೊಡಕೂ ಇದೆ. ಹುಳ ಕಚ್ಚಿದಾಗ ಗಿಡ ಬಳಸುವುದು ಬೇರೆ ಹಾರ್ಮೋನು, ಜಾಸ್ಮೋನಿಕ್ ಆಮ್ಲ. ಹುಳ ಒಂದು ಎಲೆ ಕಡಿದರೆ ಕ್ಯಾಲ್ಸಿಯಂ ಅಲೆ ಸೆಕೆಂಡಿಗೆ ಸುಮಾರು 1 ಮಿಲಿಮೀಟರ್ ವೇಗದಲ್ಲಿ ದೂರದ ಎಲೆಗೂ ಹೋಗಿ, ಅಲ್ಲಿ ಇದರ ತಯಾರಿ ಶುರುಮಾಡಿಸುತ್ತದೆ. 2018ರಲ್ಲಿ ಇದನ್ನು ವಿಡಿಯೋದಲ್ಲೇ ಹಿಡಿದರು. ಸ್ಯಾಲಿಸಿಲಿಕ್ ಆಮ್ಲ ಏರಿದರೆ ಸಾಮಾನ್ಯವಾಗಿ ಜಾಸ್ಮೋನಿಕ್ ಆಮ್ಲ ಇಳಿಯುತ್ತದೆ. ಶಂಕರಪುರದ ಕಡೆ ಒಬ್ಬರು ಮಲ್ಲಿಗೆಗೆ ಆಸ್ಪಿರಿನ್ ಹಾಕುವ ಯೋಚನೆಯಲ್ಲಿದ್ದರು. "ಎಲೆಚುಕ್ಕೆಗೆ ಅಂತ ಹಾಕಿ, ಮೊಗ್ಗಿನ ಹುಳಕ್ಕೆ ದಾರಿ ಮಾಡಿಕೊಟ್ಟರೆ ಹೂವಿನ ಅಟ್ಟೆಗೆ ಯಾರು ದುಡ್ಡು ಕೊಡ್ತಾರೆ?" ಅಂದೆ. ಬಿಟ್ಟರು.

ಅದರ ಬದಲು ಒಂದು ಸುಲಭದ ಕೆಲಸ ಇದೆ. ಚುಕ್ಕೆ ಕಂಡ ಎಲೆಯ ಮೇಲೆ ಚುಕ್ಕೆಯ ಅಂಚಿಗೆ ಸರಿಯಾಗಿ ಮಾರ್ಕರ್ ಪೆನ್ನಿನಲ್ಲಿ ಒಂದು ಸುತ್ತು ಎಳೆಯಿರಿ, ಮಳೆಗೆ ಹೋಗದ ಪೆನ್ನು ಇರಲಿ. ನಾಲ್ಕು ದಿನ ಬಿಟ್ಟು ನೋಡಿ. ಚುಕ್ಕೆ ಗೆರೆಯೊಳಗೇ ಇದ್ದರೆ ಅದರ ಪಾಡಿಗೆ ಬಿಡಿ. ಗೆರೆ ದಾಟಿದ್ದರೆ ಫೋಟೋ ಕಳಿಸಿ. ಎಲೆಯ ಅಡಿಭಾಗದ್ದೂ ಬೇಕು, ಫ್ಲ್ಯಾಶ್ ಹಾಕಬೇಡಿ.