ಪ್ರೋಟೀನ್ ಪೆಲೆಟ್‌ಗೆ ಹೋದರೆ ಶಾಪರೋನ್ ಏನು ಮಾಡೀತು?

ಲ್ಯಾಬ್ ಕೊಣಾಜೆಯದ್ದಿರಲಿ, ಮಣಿಪಾಲದ್ದಿರಲಿ, ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಪ್ರೋಟೀನ್ ತೆಗೆಯುವವರು ಈ ಜೆಲ್ (ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಹಾಳೆ) ನೋಡಿಯೇ ಇರುತ್ತಾರೆ: ಬ್ಯಾಂಡ್ ದಪ್ಪಗೆ ಬಂದಿದೆ, ಆದರೆ ಅಷ್ಟೂ ಪೆಲೆಟ್‌ನಲ್ಲಿ, ಅಂದರೆ ಒಡೆದ ಕೋಶಗಳನ್ನು ಸೆಂಟ್ರಿಫ್ಯೂಜ್ ಮಾಡಿದಾಗ ತಳಕ್ಕೆ ಕೂರುವ ಗಸಿಯಲ್ಲಿ. ಮೇಲಿನ ದ್ರವದಲ್ಲಿ ಏನೂ ಇಲ್ಲ. ಪ್ರೋಟೀನ್ ತಯಾರಾಗಿದೆ, ಸರಿಯಾಗಿ ಮಡಚಿಕೊಂಡಿಲ್ಲ. ಕೂಡಲೇ ಒಬ್ಬರು "ಶಾಪರೋನ್ ಪ್ಲಾಸ್ಮಿಡ್ ಹಾಕಿ" ಅನ್ನುತ್ತಾರೆ. ಶಾಪರೋನ್ ಅಂದರೆ ಬೇರೆ ಪ್ರೋಟೀನ್ ಮಡಚಿಕೊಳ್ಳಲು ನೆರವಾಗುವ ಪ್ರೋಟೀನ್, ಪ್ಲಾಸ್ಮಿಡ್ ಅಂದರೆ ಅದರ ಜೀನ್ ಹೊತ್ತ ಡಿಎನ್‌ಎ ಉಂಗುರ. ಹಾಕುವ ಮೊದಲು ಕಲ್ಚರ್ ಕುಲುಕುವ ಶೇಕರ್ ಎಷ್ಟು ಡಿಗ್ರಿಯಲ್ಲಿದೆ ನೋಡಿ.

ಪ್ರೋಟೊಕಾಲ್‌ನಲ್ಲಿ "ರೂಮ್ ಟೆಂಪರೇಚರ್" ಅಂತ ಬರೆದವರು ಏಪ್ರಿಲ್‌ನ ಮಂಗಳೂರು ಕಂಡವರಲ್ಲ. ಎಸಿ ಇಲ್ಲದ ಕೋಣೆ ಇಲ್ಲಿ ಸಲೀಸಾಗಿ 30 ದಾಟುತ್ತದೆ, ತಂಪು ಮಾಡುವ ಶೇಕರ್ ಬೇಕೇ ಬೇಕು. 37 ಡಿಗ್ರಿಯಲ್ಲಿ ಕಲ್ಚರಿನ ಒ.ಡಿ. (ದಟ್ಟಣೆಯ ಅಳತೆ) 0.6 ಬರುವ ತನಕ ಬೆಳೆಸಿ, ಫ್ಲಾಸ್ಕನ್ನು 18ಕ್ಕೆ ತಣಿಸಿ, ಆಮೇಲೆ ಐಪಿಟಿಜಿ (ನಿಮ್ಮ ಪ್ರೋಟೀನಿನ ಜೀನ್ ಚಾಲೂ ಮಾಡುವ ರಾಸಾಯನಿಕ) ಹಾಕಿ. 1 ಮಿಲಿಮೋಲಾರ್ ಬೇಡ, 0.1 ಸಾಕು. ರಾತ್ರಿಯಿಡೀ ಬಿಡಿ. ಮಳೆಗಾಲವಾದರೆ ಶೇಕರ್ ಯುಪಿಎಸ್‌ನಲ್ಲಿದೆಯೇ ನೋಡಿಕೊಳ್ಳಿ. ಕರೆಂಟ್ ಹೋದರೆ ತಂಪೂ ಇಲ್ಲ, ಗಾಳಿಯೂ ಇಲ್ಲ. ತಯಾರಿ ನಿಧಾನವಾದರೆ ಮಡಚಿಕೊಳ್ಳಲು ಹೊತ್ತು ಸಿಗುತ್ತದೆ, ಎಷ್ಟೋ ಪ್ರೋಟೀನ್‌ಗಳು ಇಷ್ಟಕ್ಕೇ ದಾರಿಗೆ ಬರುತ್ತವೆ.

ಬಾರದಿದ್ದರೆ ಶಾಪರೋನ್. ಜೀವಕೋಶದ ಒಳಗೆ ಪರ್ಯಾಯದ ರಾತ್ರಿಯ ರಥಬೀದಿಯಷ್ಟು ನೂಕುನುಗ್ಗಲು: ಒಂದು ಮಿಲಿಲೀಟರಿಗೆ ಸುಮಾರು 300 ಮಿಲಿಗ್ರಾಂ ದೊಡ್ಡ ಅಣುಗಳು. ಅರೆ ಮಡಚಿದ ಪ್ರೋಟೀನ್‌ನ ನೀರಿಗೊಗ್ಗದ ಭಾಗಗಳು ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಇ. ಕೋಲೈಯ ಶಾಪರೋನ್ ಗ್ರೋಇಎಲ್ ಅಂದರೆ ತಲಾ 7 ಉಪಘಟಕಗಳ ಎರಡು ಉಂಗುರ. ಗ್ರೋಇಎಸ್ ಅದರ ಮುಚ್ಚಳ. ಪ್ರೋಟೀನ್ ಒಳಗೆ ಹೋಗುತ್ತದೆ, ಮುಚ್ಚಳ ಬೀಳುತ್ತದೆ, ಉಂಗುರದ 7 ಎಟಿಪಿ (ಕೋಶದ ಇಂಧನದ ಅಣು) ಕರಗುವಷ್ಟು ಹೊತ್ತು ಏಕಾಂತ. ಮಡಚಿಕೊಳ್ಳುವ ಕೆಲಸ ಪ್ರೋಟೀನಿನದ್ದೇ. ಸುಮಾರು 60 ಕಿಲೋಡಾಲ್ಟನ್ (ಅಣುತೂಕದ ಅಳತೆ) ಮೀರಿದ್ದು ಆ ಗೂಡಿನಲ್ಲಿ ಹಿಡಿಸುವುದಿಲ್ಲ.

ಈ ಎರಡರ ಜೀನ್ ಇರುವ ಪ್ಲಾಸ್ಮಿಡ್ ಪಿಗ್ರೋ7 ಬಳಸುವುದಾದರೆ ಅದನ್ನು ಉಳಿಸಿಕೊಳ್ಳುವ ಆ್ಯಂಟಿಬಯೋಟಿಕ್ ಕ್ಲೋರಾಂಫೆನಿಕಾಲ್ ಮಿಲಿಲೀಟರಿಗೆ 20 ಮೈಕ್ರೋಗ್ರಾಂ, ಶಾಪರೋನ್ ಜೀನ್ ಚಾಲೂ ಮಾಡುವ ಸಕ್ಕರೆ ಅರಾಬಿನೋಸ್ 0.5 ಮಿಲಿಗ್ರಾಂ, ಅದೂ ಕಲ್ಚರ್ ಶುರುವಿನಲ್ಲೇ. ಐಪಿಟಿಜಿ ಬೀಳುವ ಮೊದಲೇ ಶಾಪರೋನ್ ತಯಾರಿರಬೇಕು. ಮೀಡಿಯಾದಲ್ಲಿ ಗ್ಲೂಕೋಸ್ ಇದ್ದರೆ ಅರಾಬಿನೋಸ್ ಪ್ರೊಮೋಟರ್ (ಜೀನಿನ ಸ್ವಿಚ್) ಏಳುವುದಿಲ್ಲ. ಪಿಲೈಸ್‌ಎಸ್ ಎಂಬ ಪ್ಲಾಸ್ಮಿಡ್ ಮೊದಲೇ ಇರುವ ಬ್ಯಾಕ್ಟೀರಿಯಾ ತಳಿ ಬೇಡ. ಅದಕ್ಕೂ ಪಿಗ್ರೋ7ಕ್ಕೂ ಒಂದೇ ಒರಿಜಿನ್ (ನಕಲು ಶುರುವಾಗುವ ಜಾಗ), ಒಂದೇ ಆ್ಯಂಟಿಬಯೋಟಿಕ್. ಕೊನೆಗೆ ಪ್ರೋಟೀನ್ ಶುದ್ಧ ಮಾಡುವ ಕಾಲಂನಲ್ಲಿ 60 ಕಿಲೋಡಾಲ್ಟನ್ ಹತ್ತಿರ ಒಂದು ಬ್ಯಾಂಡ್ ಬಿಡದೆ ಬರುತ್ತದೆ, ಅದು ಗ್ರೋಇಎಲ್. ಎಲ್ಯೂಷನ್‌ಗೆ (ನಿಮ್ಮ ಪ್ರೋಟೀನನ್ನು ಕಾಲಂನಿಂದ ಬಿಡಿಸುವುದಕ್ಕೆ) ಮೊದಲು 5 ಮಿಲಿಮೋಲಾರ್ ಎಟಿಪಿ, 10 ಮೆಗ್ನೀಸಿಯಂ ಕ್ಲೋರೈಡ್, 50 ಪೊಟ್ಯಾಸಿಯಂ ಕ್ಲೋರೈಡ್ ಇರುವ ಬಫರಿನಲ್ಲಿ ತೊಳೆದರೆ ಬಹುಪಾಲು ಹೋಗುತ್ತದೆ. ಮೇಲಿನ ದ್ರವಕ್ಕೆ ಬಂತೆಂದು ಹಿಗ್ಗಬೇಡಿ. ಶಾಪರೋನಿಗೆ ಅಂಟಿಕೊಂಡೇ ಬಂದಿರಬಹುದು, ಚಟುವಟಿಕೆ ಅಳೆಯಿರಿ.

ಔಷಧದಲ್ಲೂ ಇದೇ ಕರಾರು: ಪ್ರೋಟೀನ್ ತಯಾರಾಗಿದ್ದರೆ ಮಾತ್ರ ಮಡಚಲು ನೆರವು. ಫ್ಯಾಬ್ರಿ ಎಂಬ ಆನುವಂಶಿಕ ಕಾಯಿಲೆಯ ಕೆಲವು ಮ್ಯುಟೇಷನ್‌ಗಳಲ್ಲಿ ಆಲ್ಫಾ ಗ್ಯಾಲಕ್ಟೋಸಿಡೇಸ್ ಎ ಕಿಣ್ವ ಸರಿಯಾಗಿ ಮಡಚದೆ, ಕೋಶದೊಳಗೆ ಅದು ತಯಾರಾಗುವ ಜಾಗವಾದ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನಲ್ಲೇ ಉಳಿಯುತ್ತದೆ. ಮಿಗಾಲಾಸ್ಟ್ಯಾಟ್ ಎಂಬ ಸಣ್ಣ ಅಣು ಅದರ ಕೆಲಸದ ಜಾಗಕ್ಕೆ ಆತು ನಿಂತು, ಅದು ಕೆಲಸ ಮಾಡಬೇಕಾದ ಲೈಸೋಸೋಮ್ (ಕೋಶದ ಕಸ ಅರಗಿಸುವ ಚೀಲ) ತನಕ ದಾಟಿಸಿ, ಅಲ್ಲಿನ ಆಮ್ಲದಲ್ಲಿ ಕಳಚಿಕೊಳ್ಳುತ್ತದೆ. ದಿನ ಬಿಟ್ಟು ದಿನ 123 ಮಿಲಿಗ್ರಾಂ, ಹಿಂದೆ ಮುಂದೆ 2 ಗಂಟೆ ಊಟವೂ ಇಲ್ಲ, ಕಾಫಿಯೂ ಇಲ್ಲ. ದಿನವೂ ಕೊಟ್ಟರೆ ಕಿಣ್ವದ ಕೆಲಸದ ಜಾಗ ಬಿಡುವಾಗುವುದೇ ಇಲ್ಲ. ಕಿಣ್ವವೇ ತಯಾರಾಗದ ಮ್ಯುಟೇಷನ್ ಆದರೆ ಈ ಮಾತ್ರೆಯಿಂದ ಪ್ರಯೋಜನವಿಲ್ಲ. ಮೊದಲು ಜೀನ್ ರಿಪೋರ್ಟ್ ಬೇಕು.

ಕ್ಯಾನ್ಸರ್‌ನಲ್ಲಿ ಲೆಕ್ಕ ತಿರುಗುಮುರುಗು. ಗೆಡ್ಡೆಗೆ ಆಸರೆಯಾಗುವ ಶಾಪರೋನ್ ಎಚ್‌ಎಸ್‌ಪಿ90ಯನ್ನೇ ತಡೆಯಬೇಕು. ಅದನ್ನು ತಡೆದ ಕೂಡಲೇ ಅದು ಹಿಡಿದಿಟ್ಟಿದ್ದ ಜೀನ್ ನಿಯಂತ್ರಕ ಎಚ್‌ಎಸ್‌ಎಫ್1 ಬಿಡುಗಡೆಯಾಗಿ ಇನ್ನೊಂದು ಶಾಪರೋನ್ ಎಚ್‌ಎಸ್‌ಪಿ70 ಹೆಚ್ಚುತ್ತದೆ, ಕೋಶ ಬಚಾವಾಗುತ್ತದೆ. ಹೀಗೆ ತಡೆಯುವ ಮೊದಲ ಅಣು ಜೆಲ್ಡಾನಮೈಸಿನ್ ಪ್ರಾಣಿಗಳ ಪ್ರಯೋಗದಲ್ಲೇ ಲಿವರನ್ನು ಕೆಡಿಸಿತು. ಇದೇ ಬಗೆಯ ಔಷಧ ಪಿಮಿಟೆಸ್ಪಿಬ್‌ಗೆ 2022ರಲ್ಲಿ ಜಪಾನ್ ಅನುಮತಿ ಕೊಟ್ಟದ್ದೂ ಜಠರ, ಕರುಳಿನ ಒಂದು ಬಗೆಯ ಗೆಡ್ಡೆಗೆ ಮಾತ್ರ.